ಅಕ್ಕನಿಗೆ ನಾನು ಕೇಳಿದ ಪ್ರಶ್ನೆ

ಬಾಗಲಕೋಟೆಯ ನವನಗರದ ಅಂಚಿನಲ್ಲಿದ್ದ ನಮ್ಮ ಬೈಬಲ್ ಕಾಲೇಜಿನಲ್ಲಿ ನಾವು ಇಪ್ಪತ್ತೆರಡು ಜನ ವಿದ್ಯಾರ್ಥಿಗಳಿದ್ದೆವು. ಅವರಲ್ಲಿ ನನ್ನಷ್ಟು ಸೊಕ್ಕಿನವನು ಇನ್ನೊಬ್ಬನಿರಲಿಲ್ಲ. ಈಗ ಇದನ್ನು ವಿನಯ ತೋರಿಸಲು ಹೇಳುತ್ತಿಲ್ಲ. ವಿನಯದ ಬಗ್ಗೆಯೇ ಅರ್ಧ ಗಂಟೆ ಪ್ರಸಂಗ ಮಾಡಿ, ಮುಗಿದ ಮೇಲೆ ಯಾರಾದರೂ ಹೊಗಳುತ್ತಾರೇನೋ ಎಂದು ಬಾಗಿಲ ಹತ್ತಿರ ಸುಳಿದಾಡುತ್ತಿದ್ದವನು ನಾನು.

ಕಾಲೇಜು ಎಂದರೆ ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ. ಕೆಳಗೆ ಅಡುಗೆ, ಊಟ, ಹಾಸಿಗೆ. ಮೇಲೆ ಎರಡು ತರಗತಿ. ಮಾಳಿಗೆಯ ಮೇಲೆ ತಗಡು ಹೊದಿಸಿದ ಪ್ರಾರ್ಥನೆಯ ಕೋಣೆ. ಏಪ್ರಿಲ್ ತಿಂಗಳಲ್ಲಿ ಆ ತಗಡಿನ ಕೆಳಗೆ ನರಕದ ಪಾಠ ನಡೆದರೆ ಅಯ್ಯನವರು ಹೆಚ್ಚು ವಿವರಿಸಬೇಕಾಗುತ್ತಿರಲಿಲ್ಲ. ಅಯ್ಯನವರು ಎಂದರೆ ನಮಗೆ ಹೊಸ ಒಡಂಬಡಿಕೆ ಕಲಿಸುತ್ತಿದ್ದ ವಯಸ್ಸಾದ ಪಾದ್ರಿಗಳು. ಬಾದಾಮಿಯಿಂದ ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಬರುತ್ತಿದ್ದರು, ಮಾತು ಕಡಿಮೆ.

ಶನಿವಾರ ಬೆಳಿಗ್ಗೆ ನಮ್ಮನ್ನು ಇಬ್ಬಿಬ್ಬರಂತೆ ಊರುಗಳಿಗೆ ಕಳಿಸುತ್ತಿದ್ದರು. ಇಳಕಲ್ಲು, ಹುನಗುಂದ, ಬಾದಾಮಿಯ ಕಡೆಯ ಹಳ್ಳಿಗಳು. ಹೋಗಿ ಮನೆಗಳನ್ನು ಭೇಟಿ ಮಾಡಿ, ರೋಗಿಗಳಿಗಾಗಿ ಪ್ರಾರ್ಥಿಸಿ, ಭಾನುವಾರದ ಆರಾಧನೆ ಮುಗಿಸಿ ಬರಬೇಕು. ಸೋಮವಾರ ಬೆಳಿಗ್ಗೆ ತಗಡಿನ ಕೋಣೆಯಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಸಾಕ್ಷಿ ಹೇಳಬೇಕು. ಸಾಕ್ಷಿ ಎಂದರೆ, ಆ ಎರಡು ದಿನಗಳಲ್ಲಿ ದೇವರು ನಮ್ಮಲ್ಲಿ ಏನು ಮಾಡಿದನು ಎಂಬ ವರದಿ. ಒಳ್ಳೆಯ ಸಾಕ್ಷಿಗೆ ಕೋಣೆಯೆಲ್ಲ ‘ಸ್ತೋತ್ರ’ ಎನ್ನುತ್ತಿತ್ತು. ಸಪ್ಪೆ ಸಾಕ್ಷಿಗೆ ಯಾರೋ ಕೆಮ್ಮುತ್ತಿದ್ದರು. ಶನಿವಾರ ಬಸ್ಸು ಹತ್ತುವಾಗಲೇ ಸೋಮವಾರ ಏನು ಹೇಳಲಿ ಎಂದು ಯೋಚಿಸುವ ಚಟ ನನಗೆ ಮೊದಲ ವರ್ಷದಲ್ಲೇ ಅಂಟಿಕೊಂಡಿತು. ಎರಡನೆಯ ವರ್ಷಕ್ಕೆ ನಾನು ಬದುಕುತ್ತಿದ್ದದ್ದೇ ಸೋಮವಾರಕ್ಕಾಗಿ.

ನಾನು ಹುಟ್ಟಿದ್ದು ಬೀರಪ್ಪನ ಒಕ್ಕಲಿನ ಮನೆಯಲ್ಲಿ. ಅಪ್ಪ ಕುರಿ ಕಾಯುತ್ತಿದ್ದ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು, ಹತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪ. ನಡುವಿನ ಆ ಏಳು ವರ್ಷ ನನಗೆ ರೊಟ್ಟಿ ಬಡಿದು ಹಾಕಿದವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ತನಗೆ ಬಂದ ಎರಡು ಸಂಬಂಧಗಳನ್ನು ‘ತಮ್ಮ ಸಣ್ಣಾಂವ ಅದಾನ’ ಎಂದು ತಿರುಗಿಸಿ ಕಳಿಸಿ, ಅಪ್ಪ ಹೋದ ಮೇಲೆ ಸೋದರತ್ತೆಯ ಒತ್ತಾಯಕ್ಕೆ ಹುನಗುಂದ ತಾಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋದಳು. ನಾನು ಪಿಯುಸಿಗೆಂದು ಇಳಕಲ್ಲಿಗೆ ಬಂದು ಒಬ್ಬ ನೇಕಾರರ ಮನೆಯ ಪಡಸಾಲೆಯಲ್ಲಿ ಇರತೊಡಗಿದೆ.

ಅದು ತಲೆಮಾರುಗಳಿಂದ ಕ್ರೈಸ್ತರಾಗಿದ್ದ ಮನೆ. ಸಂಜೆ ಮಗ್ಗ ನಿಂತ ಮೇಲೆ ಎಲ್ಲರೂ ಕೂತು ಹಾಡುತ್ತಿದ್ದರು. ನನ್ನನ್ನು ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಒಂದು ವರ್ಷ ಮೂಲೆಯಲ್ಲಿ ಕೂತು ಕೇಳಿ, ಕೊನೆಗೆ ನಾನೇ ಕೇಳಿಕೊಂಡು ದೀಕ್ಷಾಸ್ನಾನ ತೆಗೆದುಕೊಂಡೆ. ಆ ನಂಬಿಕೆ ಸುಳ್ಳಾಗಿರಲಿಲ್ಲ, ಇವತ್ತಿಗೂ ಸುಳ್ಳಾಗಿಲ್ಲ. ನನ್ನ ದೂರು ಏನಿದ್ದರೂ ನನ್ನ ಮೇಲೆಯೇ. ಆ ಮನೆಯ ಮಗ ನನ್ನ ವಯಸ್ಸಿನವನು, ನನ್ನ ಜೊತೆಗೇ ಕಾಲೇಜು ಸೇರಿದ, ಶನಿವಾರದ ಜೋಡಿಯೂ ಅವನೇ ಆದ.

ವಿಷಯ ತಿಳಿದಾಗ ಅಕ್ಕ ಒಂದು ದಿನ ಅತ್ತಳಂತೆ. ಮರುದಿನ ಫೋನು ಮಾಡಿ ಕೇಳಿದ್ದು ಒಂದೇ, ಅಲ್ಲಿ ಹೊಟ್ಟೆ ತುಂಬ ಊಟಕ್ಕೆ ಹಾಕುತ್ತಾರೋ ಇಲ್ಲವೋ ಎಂದು. ಆದರೆ ಅವಳ ಗಂಡನ ಮನೆಯಲ್ಲಿ ಅದು ಅಷ್ಟಕ್ಕೇ ಮುಗಿಯಲಿಲ್ಲ. ತಂದೆತಾಯಿ ಇಲ್ಲದ ಹೆಣ್ಣಿಗೆ ತಮ್ಮನೇ ತವರು. ತಮ್ಮ ಜಾತಿ ಬಿಟ್ಟ ಎಂದರೆ ತವರಿನ ಬಾಗಿಲು ಮುಚ್ಚಿತು ಎಂದು ಅತ್ತೆ ಏನಾದರೊಂದು ನೆಪದಲ್ಲಿ ದಿನಾ ಚುಚ್ಚುತ್ತಿದ್ದಳು. ಅಕ್ಕ ಅದಕ್ಕೆಲ್ಲ, ನನ್ನ ತಮ್ಮ ದೇವರನ್ನು ಬದಲಿಸಿರಬಹುದು, ನನ್ನನ್ನು ಬದಲಿಸಿಲ್ಲ ಎಂದು ಉತ್ತರ ಕೊಡುತ್ತಿದ್ದಳು ಎಂದು ಭಾವನಿಂದ ನನಗೆ ತಿಳಿದಿತ್ತು.

ಮದುವೆಯಾಗಿ ಆರು ವರ್ಷದ ಮೇಲೆ ಅವಳಿಗೆ ಗಂಡು ಮಗುವಾಯಿತು. ವರ್ಷ ತುಂಬುವ ಹೊತ್ತಿಗೆ ಜವಳ ಇಟ್ಟುಕೊಂಡರು, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ಶಾಸ್ತ್ರ. ಬೀರಪ್ಪನ ಗುಡಿಯ ಮುಂದೆ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅಕ್ಕ ಫೋನು ಮಾಡಿದಾಗ ನಾನು, ಗುಡಿಗೆ ಬರಲಾರೆ ಎಂದೆ. ಅವಳು, ಆಯಿತು, ನಿನ್ನ ಬದಲು ಭಾವನ ಚಿಕ್ಕಪ್ಪನ ಮಗ ಕೂರುತ್ತಾನೆ ಎಂದಳು. ಅಷ್ಟು ದೊಡ್ಡದನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ಆಮೇಲೆ ತನಗೆ ಬೇಕಾದದ್ದನ್ನು ಕೇಳಿದಳು.

“ಊಟಕ್ಕರ ಬಾ ತಮ್ಮಾ. ನಾಲ್ಕು ಮಂದಿ ಮುಂದ ನನ್ನ ಕೈಲೆ ಉಂಡು ಹೋಗು. ನನಗ ಅಷ್ಟ ಸಾಕು.”

ಬರುತ್ತೇನೆ, ಆದರೆ ಎಡೆ ಹಿಡಿದದ್ದನ್ನು ಉಣ್ಣುವುದಿಲ್ಲ ಎಂದೆ. ನಮ್ಮ ಮನೆಗಳಲ್ಲಿ ಅಂಥ ದಿನ ಒಲೆಯಿಂದ ಇಳಿದದ್ದೆಲ್ಲ ಮೊದಲು ದೇವರಿಗೆ ಎಡೆ ಆಗುತ್ತದೆ. ಆಮೇಲೆ ಪೂಜಾರಿಗೆ, ಆಮೇಲೆ ಮಂದಿಗೆ. ದೇವರು ಉಣ್ಣುವ ಮೊದಲು ಒಂದು ಅಗುಳನ್ನು ಪಕ್ಕಕ್ಕೆ ತೆಗೆದಿಟ್ಟರೂ ಅದು ದೊಡ್ಡ ತಪ್ಪು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ.

“ನನಗ ತಿಳೀತು. ಅದನ್ನ ನಾ ನೋಡ್ಕೋತೇನಿ,” ಎಂದಳು ಅಕ್ಕ. “ನೀ ಬಂದು ಏನೂ ಕೇಳಬ್ಯಾಡ.”

ಇಲ್ಲಿ ಒಂದು ವಿಷಯ ಹೇಳಬೇಕು. ಇದಾಗುವ ಎರಡು ವಾರ ಮೊದಲು ನಮಗೆ ಪರೀಕ್ಷೆಯಾಗಿತ್ತು. ಕೊರಿಂಥದ ಸಭೆಗೆ ಅಪೊಸ್ತಲನು ಬರೆದ ಪತ್ರದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಊಟದ ವಿಚಾರ ಬರುತ್ತದೆ. ಅದರ ಮೇಲೆಯೇ ಪ್ರಶ್ನೆ ಬಂದಿತ್ತು. ನಾನು ನಾಲ್ಕು ಪುಟ ಬರೆದಿದ್ದೆ. ಯಾರಾದರೂ ಊಟಕ್ಕೆ ಕರೆದರೆ ಮುಂದೆ ಇಟ್ಟದ್ದನ್ನು ಉಣ್ಣಬೇಕು, ಇದು ಎಲ್ಲಿಂದ ಬಂತು ಎಂದು ಕೆದಕಬಾರದು. ಆದರೆ ಬಡಿಸಿದವರೇ ಇದು ಅರ್ಪಿಸಿದ್ದು ಎಂದು ಹೇಳಿಬಿಟ್ಟರೆ ಉಣ್ಣಬಾರದು. ಎರಡರಲ್ಲೂ ನೋಡಬೇಕಾದದ್ದು ಎದುರಿಗಿರುವವರ ಮನಸ್ಸನ್ನು ಎಂದು ಉಪಶೀರ್ಷಿಕೆ ಕೊಟ್ಟು, ಗ್ರೀಕ್ ಪದಗಳಿಗೆ ಕೆಳಗೆರೆ ಎಳೆದು ಬರೆದಿದ್ದೆ. ತರಗತಿಗೆಲ್ಲ ಹೆಚ್ಚು ಅಂಕ ನನಗೇ ಬಂದವು. ಅಯ್ಯನವರು ನನ್ನ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿದರು. ಕೇಳಬೇಡ ಎಂದು ಅಪೊಸ್ತಲನೂ ಹೇಳಿದ್ದ, ಅಕ್ಕನೂ ಹೇಳಿದ್ದಳು. ಇಷ್ಟು ತಿಳಿದವನು ಎಡವುತ್ತಾನೆಂದು ಯಾರು ತಾನೇ ಅಂದುಕೊಂಡಾರು?

ಜವಳ ಬಿದ್ದದ್ದು ಶನಿವಾರವೇ. ನೇಕಾರರ ಮಗನೂ ನಾನೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಕ್ಕನ ಹಳ್ಳಿಯಲ್ಲಿ ಇಳಿದೆವು. ಗುಡಿಯ ಶಾಸ್ತ್ರ ಮುಗಿದು ಮಂದಿ ಮನೆಗೆ ಬಂದಿದ್ದರು. ಎಲ್ಲರ ಹಣೆಯಲ್ಲಿ ಭಂಡಾರದ ಅರಿಶಿನ. ಖಾಲಿ ಹಣೆಯವರು ನಾವಿಬ್ಬರೇ. ಬೋಳು ತಲೆಯ ಅಳಿಯ ಯಾರದೋ ಕಂಕುಳಲ್ಲಿ ಅಳುತ್ತಿದ್ದ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನನ್ನನ್ನು ಕಂಡವಳೇ ಓಡಿ ಬರುವಂತೆ ಬಂದು, ಅತ್ತೆ ಬಾಗಿಲಲ್ಲಿ ಕೂತಿದ್ದು ನೆನಪಾಗಿ, ನಿಧಾನಕ್ಕೆ ನಡೆದು ಬಂದಳು. ಅಂಗಳದ ಜಮಖಾನೆಯ ಮೇಲೆ ಗಂಡಸರ ಸಾಲಿನಲ್ಲಿ, ಪೂಜಾರಿಗೆ ನಾಲ್ಕು ಆಳು ಆಚೆ, ನಮ್ಮಿಬ್ಬರನ್ನು ಕೂರಿಸಿದಳು.

ಉಳಿದವರಿಗೆ ದೊಡ್ಡ ಪಾತ್ರೆಗಳಿಂದ ನೀಡುತ್ತಾ ಬಂದರು. ನಮಗೆ ಅಕ್ಕ ತಾನೇ ಎರಡು ತಾಟು ತಂದಿಟ್ಟಳು. ರೊಟ್ಟಿ, ಎಣ್ಣೆಗಾಯಿ, ನಡುವೆ ಗೋದಿ ಹುಗ್ಗಿ, ಅದರ ಮೇಲೆ ತುಪ್ಪ. ಅವಳು ಮನೆಯ ಹಿಂದಿನಿಂದ ಸುತ್ತಿ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಅದನ್ನು ನೋಡುವ ಮನಸ್ಸು ಇರಲಿಲ್ಲ. ನನ್ನ ಮನಸ್ಸು ಆಗಲೇ ಸೋಮವಾರದ ತಗಡಿನ ಕೋಣೆಯಲ್ಲಿತ್ತು. ಅಷ್ಟು ಮಂದಿಯ ನಡುವೆ ತೆಪ್ಪಗೆ ಉಂಡು ಎದ್ದು ಬಂದೆ ಎಂದರೆ ಅದು ಎಂಥ ಸಾಕ್ಷಿ? ಪಕ್ಕದಲ್ಲಿ ಗೆಳೆಯ ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದು, ರೊಟ್ಟಿ ಮುರಿದ. ನಾನು ತಲೆಯೆತ್ತಿ ನಾಲ್ಕು ಜನಕ್ಕೆ ಕೇಳುವಂತೆ ಕೇಳಿದೆ.

“ಅಕ್ಕಾ, ಇದು ಎಡಿ ಹಿಡಿದದ್ದೇನು?”

ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ಕೂತ ಅತ್ತೆಯನ್ನು, ಆಮೇಲೆ ಪೂಜಾರಿಯನ್ನು. ಇಲ್ಲ ಎಂದರೆ, ಮಗನ ಜವಳದ ದಿನ ದೇವರಿಗಿಂತ ಮೊದಲು ಬೇರೆಯವರಿಗೆ ಅಡುಗೆ ಮಾಡಿದವಳಾಗುತ್ತಾಳೆ. ಹೌದು ಎಂದರೆ ತಮ್ಮ ಎದ್ದು ಹೋಗುತ್ತಾನೆ. ಅವಳ ಸೆರಗಿನ ತುದಿಯನ್ನು ಅವಳೇ ಎರಡು ಸಲ ಹಿಂಡಿದ್ದು ನನಗೆ ಈಗಲೂ ಕಾಣುತ್ತದೆ.

“ಹೌದು,” ಎಂದಳು. “ಎಡಿ ಹಿಡೀಲಾರದ್ದು ಈ ಮನ್ಯಾಗ ಯಾರು ನೀಡ್ತಾರ?”

ನಾನು ತಾಟಿಗೆ ಕೈ ಮುಗಿದು ಎದ್ದೆ. ಕೇಳಬೇಡ ಎಂದ ಅರ್ಧವನ್ನು ಮುರಿದು, ಹೇಳಿದ ಮೇಲೆ ಉಣ್ಣಬೇಡ ಎಂದ ಅರ್ಧವನ್ನು ಚಾಚೂ ತಪ್ಪದೆ ಪಾಲಿಸಿದೆ. ತುಂಬಿದ ತಾಟು ಬಿಟ್ಟು ಸಾಲಿನಿಂದ ಏಳುವುದು ನಮ್ಮ ಕಡೆ ಹಗೆಯವರೂ ಮಾಡದ ಕೆಲಸ. ಬಾಗಿಲಲ್ಲಿ ಕೂತ ಅತ್ತೆ ದನಿಯೇನೂ ಏರಿಸಲಿಲ್ಲ. “ನಿನ್ನ ತವರು ಎದ್ದು ಹೋತು ನೋಡವಾ,” ಎಂದಳು, ಅಷ್ಟೇ.

ಕಾಲುಗಳು ನನ್ನನ್ನು ಮನೆಯ ಹಿಂದಕ್ಕೆ ಒಯ್ದವು. ಅಲ್ಲಿ ಬಾಜು ಮನೆಯ ಮುದುಕಿ ತನ್ನ ಒಲೆಯ ಮುಂದೆ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಖಾಲಿ ಹಣೆ ನೋಡಿ ಗುರುತು ಹಿಡಿದಳೇನೋ.

“ಯಾಕಪಾ, ಇಷ್ಟು ಲಗೂ ಎದ್ದಿ?” ಎಂದಳು. “ನಿನ್ನಕ್ಕ ನಸುಕಿನ್ಯಾಗ ಬಂದು ನನ್ನ ಒಲಿ ಮ್ಯಾಲ ನಿನಗ ಬ್ಯಾರೆ ಮಾಡ್ಯಾಳ. ದೇವರಿಗೆ ಮುಟ್ಟಿಸಿಲ್ಲ ಅದನ್ನ. ಯಾರ ಮುಂದೂ ಅನಬ್ಯಾಡ ಆಯಿ ಅಂತ ಕೈ ಹಿಡಕೊಂಡಿದ್ಲು.”

ನಾನು ಅಲ್ಲೇ ನಿಂತೆ. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಕೂತು ಉಂಡಿದ್ದರೆ ಆಗುತ್ತಿತ್ತು. ತಪ್ಪಾಯಿತು ಎಂದು ಹೇಳುವ ಅಗತ್ಯವೂ ಇರಲಿಲ್ಲ. ಹಸಿವಾಯಿತು ಎಂದಿದ್ದರೆ ಮಂದಿ ನಕ್ಕು ಬಿಡುತ್ತಿದ್ದರು. ನಾನು ಹೋಗಲಿಲ್ಲ. ಈಗ ಹೋದರೆ ಅಕ್ಕನ ಗುಟ್ಟು ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಖರೆ ಇರಲಿಲ್ಲ. ಅಷ್ಟು ಗಂಭೀರವಾಗಿ ಎದ್ದು ಬಂದವನು ಮತ್ತೆ ಹೋಗಿ ಕೂತರೆ ಸೋಮವಾರಕ್ಕೆ ಏನು ಉಳಿಯುತ್ತದೆ ಎಂಬುದೇ ಖರೆ.

ಗೆಳೆಯ ಎರಡು ಸಲ ಹುಗ್ಗಿ ಹಾಕಿಸಿಕೊಂಡು, ಕೈ ತೊಳೆದು ಬಂದ. ಅಕ್ಕ ಹೊರಗೆ ಬರಲಿಲ್ಲ. ಭಾನುವಾರದ ಆರಾಧನೆಗೆ ಬಾದಾಮಿ ಕಡೆಯ ಹಳ್ಳಿಗೆ ಹೋಗಲು ಹುನಗುಂದದಲ್ಲಿ ಬಸ್ಸು ಬದಲಿಸಿದೆವು. ಅಮೀನಗಡ ದಾಟಿದ ಮೇಲೆ ಅವನು, ಹುಗ್ಗಿ ಭಾಳ ಚಲೋ ಆಗಿತ್ತು ಎಂದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸೋಮವಾರ ಸಾಕ್ಷಿ ಹೇಳಿದೆ. ಹೇಗೆ ಹೇಳಿದೆನೆಂದರೆ, ಅಡುಗೆಯವರೂ ಕೆಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಹೆತ್ತ ತಾಯಿಯಂಥ ಅಕ್ಕ ಇಟ್ಟ ತಾಟನ್ನು ನಂಬಿಕೆಗಾಗಿ ದೂಡಿದೆ ಎಂದಾಗ ಕೋಣೆ ಸ್ತೋತ್ರದಿಂದ ತುಂಬಿತು. ಬಾಜು ಮನೆಯ ಮುದುಕಿ ಹೇಳಿದ್ದನ್ನು ಮಾತ್ರ ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಎಲ್ಲಿ ಬಿಡಬೇಕು ಎಂದು ಭಾನುವಾರವೇ ಗೊತ್ತುಮಾಡಿಕೊಂಡಿದ್ದೆ. ಎಲ್ಲರೂ ತರಗತಿಗೆ ಇಳಿದ ಮೇಲೆ ಅಯ್ಯನವರು ಕನ್ನಡಕ ಒರೆಸುತ್ತಾ ಹತ್ತಿರ ಬಂದರು. ಮೆಚ್ಚುಗೆಗಾಗಿ ಕಾದೆ.

“ಆಮ್ಯಾಲೆ ಅಕ್ಕಾರು ಉಂಡ್ರೇನಪಾ?” ಎಂದು ಕೇಳಿದರು.

ಗೊತ್ತಿಲ್ಲರಿ ಎಂದೆ. ಅವರು ತಲೆಯಾಡಿಸಿ ಪಾಠಕ್ಕೆ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು. ಇಷ್ಟು ದೊಡ್ಡ ಮಾತಿನ ನಡುವೆ ಊಟದ ಮಾತೇ ಎಂದು ವಾರಗಟ್ಟಲೆ ಒಳಗೊಳಗೇ ಬೈದುಕೊಂಡೆ.

ಒಳ್ಳೆಯ ಸಾಕ್ಷಿ ಎಂದರೆ ಕರೆಗಳು ಬರುತ್ತವೆ. ಬಾದಾಮಿಯ ಕೂಟದಲ್ಲಿ ಹೇಳಿದೆ, ಹುನಗುಂದದಲ್ಲಿ ಹೇಳಿದೆ. ಹೇಳಿದಷ್ಟು ಸಲವೂ ಹುಗ್ಗಿಯ ಮೇಲಿನ ತುಪ್ಪ ಹೆಚ್ಚಾಗುತ್ತಾ ಹೋಯಿತು, ಅಕ್ಕನ ಅತ್ತೆ ಕಠೋರಳಾಗುತ್ತಾ ಹೋದಳು, ನಾನು ಎತ್ತರವಾಗುತ್ತಾ ಹೋದೆ. ಇಳಕಲ್ಲಿನ ಸಭೆಯಲ್ಲಿ ನಾಲ್ಕನೆಯ ಸಲ ಹೇಳುತ್ತಿದ್ದಾಗ ಗೆಳೆಯ ನಡುವೆಯೇ ಎದ್ದು ಹೊರಗೆ ಹೋದ. ಅದು ಅವನ ಮನೆಯವರೆಲ್ಲ ಕೂತಿದ್ದ ಸಭೆ. ಮುಗಿದ ಮೇಲೆ ಹೋಗಿ ನೋಡಿದರೆ ಬೇವಿನ ಗಿಡದ ಕೆಳಗೆ ನಿಂತಿದ್ದ.

“ಅವರು ಹಿಂದಿನ ಬಾಗಿಲಿಂದ ತಂದಿದ್ದು ನಾನೂ ನೋಡೇನಿ,” ಎಂದ. “ಆ ತಾಟಿನ್ಯಾಗ ನಾ ಉಂಡೇನಿ. ನನ್ನ ಮುಂದ ಇದನ್ನ ಹೇಳಬ್ಯಾಡಲೇ.”

ಆವತ್ತಿನಿಂದ ಅಕ್ಕನೊಬ್ಬಳನ್ನು ಬಿಟ್ಟು ಯಾರ ಮುಂದೆಯೂ ಹೇಳಿಲ್ಲ. ಈಗ ಬರೆಯುತ್ತಿರುವುದೇ ಮೊದಲು.

ಅಕ್ಕನ ಫೋನು ಬರುವುದು ನಿಂತಿತು. ನಾನು ಮಾಡಿದರೆ ಎತ್ತುತ್ತಿದ್ದಳು, ಆರಾಮ ಇದ್ದೇನೆ ಎನ್ನುತ್ತಿದ್ದಳು, ಅಷ್ಟಕ್ಕೇ ಮಗು ಅಳುತ್ತಿತ್ತು. ಮೊದಲಾದರೆ ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿಗೆ ಒಂದು ದಿನದ ಮಟ್ಟಿಗಾದರೂ ಇಳಕಲ್ಲಿಗೆ ಬಂದು, ನಾನಿದ್ದ ಪಡಸಾಲೆಯನ್ನೇ ತವರು ಎಂದುಕೊಂಡು ಉಂಡಿ ಕಟ್ಟಿ ಹೋಗುತ್ತಿದ್ದಳು. ಆ ವರ್ಷ ಬರಲಿಲ್ಲ. ಮರುವರ್ಷ ಕರೆಯಲು ನಾನೇ ಹೋದೆ. ತಪ್ಪಾಯಿತು, ನೀನು ಬೇರೆ ಮಾಡಿದ್ದು ನನಗೆ ಅವತ್ತೇ ಗೊತ್ತಾಗಿತ್ತು, ಆದರೂ ತಿರುಗಿ ಬರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು. ಆತು ಬಿಡು ಎಂದಳು. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಪಂಚಮಿಗೂ ಬರಲಿಲ್ಲ.

ಈಗ ನಾನು ಬಾದಾಮಿಯ ಹತ್ತಿರ ಒಂದು ಸಣ್ಣ ಸಭೆಯನ್ನು ನೋಡಿಕೊಳ್ಳುತ್ತೇನೆ. ವಾರಕ್ಕೆ ಎರಡು ದಿನ ಅದೇ ಕಾಲೇಜಿಗೆ ಹೋಗಿ, ಅಯ್ಯನವರು ಕಲಿಸುತ್ತಿದ್ದ ಅದೇ ಪತ್ರವನ್ನು ಕಲಿಸುತ್ತೇನೆ. ಆ ಅಧ್ಯಾಯ ಬಂದಾಗ ವಿದ್ಯಾರ್ಥಿಗಳು ಉತ್ತರವನ್ನು ಚೆನ್ನಾಗಿಯೇ ಬರೆಯುತ್ತಾರೆ. ಅಂಕ ಕೊಡುವಾಗ ನನ್ನ ಕೈ ತಡೆಯುತ್ತದೆ, ಆದರೂ ಕೊಡುತ್ತೇನೆ. ಸೋಮವಾರದ ಸಾಕ್ಷಿ ಇನ್ನೂ ಇದೆ. ಬೇಡ ಎಂದು ಒಂದು ಸಲ ಹೇಳಿ ನೋಡಿದೆ, ಯಾರಿಗೂ ಹಿಡಿಸಲಿಲ್ಲ.

ಹೋದ ಅಮಾವಾಸ್ಯೆಯ ದಿನ ಇಳಕಲ್ಲಿನಿಂದ ಬರುವಾಗ ದಾರಿ ಬದಲಿಸಿ ಅಕ್ಕನ ಊರಿಗೆ ಹೋದೆ. ಅಳಿಯ ಸಾಲೆಗೆ ಹೋಗಿದ್ದ. ಅತ್ತೆಗೆ ಈಗ ಕಣ್ಣು ಮಂಜು, ನನ್ನ ದನಿ ಹಿಡಿದು, ಬಂದೀಯೇನಪಾ, ಕೂಡು ಎಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಅವಳಿಗೆ ಹಳೆಯದು ನೆನಪಿದ್ದಂತೆ ಕಾಣಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಬೇಳೆ ಬೆಂದ ವಾಸನೆ ಬರುತ್ತಿತ್ತು. ಅಕ್ಕ ಹೊರಗೆ ಬಂದಳು. ಒಂದು ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ, ಇನ್ನೊಂದರಲ್ಲಿ ಬಿಸ್ಕೀಟಿನ ಪುಡಿಕೆ. ಈ ಹತ್ತು ವರ್ಷಗಳಲ್ಲಿ ನಾನು ಹೋದಾಗೆಲ್ಲ ಅವಳು ಕೊಡುವುದು ಇದನ್ನೇ. ಇಷ್ಟು ದಿನ ಸುಮ್ಮನೆ ತಿಂದು ಬರುತ್ತಿದ್ದೆ. ಅವತ್ತು ತಡೆಯಲಾಗಲಿಲ್ಲ. ರೊಟ್ಟಿ ಹಾಕು ಅಕ್ಕಾ ಎಂದೆ. ಇವತ್ತು ಅಮಾವಾಸ್ಯೆ, ಎಡೆ ಹಿಡಿದಾಗಿದೆ ಎಂದಳು. ಆಗಲಿ, ನಾನು ಏನೂ ಕೇಳುವುದಿಲ್ಲ, ನೀನು ಏನಿಟ್ಟರೂ ಉಣ್ಣುತ್ತೇನೆ, ನನಗೆ ನಡೆಯುತ್ತದೆ ಎಂದೆ.

ಅಕ್ಕ ನನ್ನ ಎದುರು ನೆಲದ ಮೇಲೆ ಕೂತಳು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತಾಡಿಸುತ್ತಿದ್ದ ದನಿಯಲ್ಲಿ ಹೇಳಿದಳು.

“ನಿನಗ ನಡೀತೈತಿ ಅಂತ ತಿಳೀತು ತಮ್ಮಾ. ನಿನ್ನ ಮುಂದ ತಾಟು ಇಡಾಕ ನನಗ ಧೈರ್ಯ ಆಗವಲ್ದು.”

ಪುಡಿಕೆಯನ್ನು ಒಡೆಯದೆಯೇ ನನ್ನ ಕೈಗಿಟ್ಟಳು. ನಾನೇ ಒಡೆದು ತಿಂದೆ.